ಗೇಮ್‌ನ ಒಂದೇ ಸ್ಟೋರ್‌ಗೆ ಬರ್ಕೊಟ್ರೆ ಆಡೋರೂ ಜೊತೆಗೆ ಬರ್ತಾರಾ?

ಪ್ರಶ್ನೆ: ಸರ್, ನಾವು ಹಾಸನದ ಮೂರು ಜನ ಫ್ರೆಂಡ್ಸ್, ಇಂಜಿನಿಯರಿಂಗ್ ಮುಗಿಸಿ ಒಂದು ಗೇಮ್ ಮಾಡ್ತಿದೀವಿ. ಮಳೆಗಾಲದಲ್ಲಿ ಶಿರಾಡಿ ಘಾಟ್‌ನಲ್ಲಿ ಲಾರಿ ಓಡ್ಸೋ ಗೇಮ್. ಸ್ಟೀಮ್ ಅನ್ನೋ ಆನ್‌ಲೈನ್ ಪಿಸಿ ಗೇಮ್ ಸ್ಟೋರ್‌ನಲ್ಲಿ ಪೇಜ್ ಹಾಕಿದೀವಿ, ಡೆಮೋ ಬಿಟ್ಟಿದೀವಿ, ವಿಶ್‌ಲಿಸ್ಟ್ (ಬಂದ್ಮೇಲೆ ತಗೊಳ್ಳೋಣ ಅಂತ ಜನ ಗುರುತು ಹಾಕ್ಕೊಳ್ಳೋ ಪಟ್ಟಿ) ಪರವಾಗಿಲ್ಲ, ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪ್‌ನಲ್ಲಿ ಒಂದಷ್ಟು ಜನ ದಿನಾ ಮಾತಾಡ್ತಾರೆ. ಈಗ ಬೇರೊಂದು ಪಿಸಿ ಸ್ಟೋರ್‌ನೋರು ಒಂದು ವರ್ಷ ನಮ್ಮಲ್ಲಿ ಮಾತ್ರ ಇರ್ಲಿ ಅಂತ ದುಡ್ಡಿನ ಆಫರ್ ಕೊಟ್ಟಿದಾರೆ. ಒಬ್ಬ ತಗೊಳ್ಳೋಣ ಅಂತಾನೆ, ಇನ್ನೊಬ್ಬ ಪ್ಲೇಯರ್ಸ್ ಉಗೀತಾರೆ ಅಂತಾನೆ. ದೊಡ್ಡ ಕಂಪನಿಗಳೆಲ್ಲ ಎಕ್ಸ್‌ಕ್ಲೂಸಿವ್‌ನಿಂದಾನೇ ಬೆಳೆದಿದ್ದು ಅಲ್ವಾ? ಎಕ್ಸ್‌ಕ್ಲೂಸಿವ್ ಆದ್ರೆ ನಮ್ಮ ಪ್ಲೇಯರ್ಸ್ ನಮ್ಮ ಹಿಂದೆ ಬರ್ತಾರಾ?

ಉತ್ತರ:

ಮೊದ್ಲು ನೇರ ಉತ್ತರ ಕೊಟ್ಬಿಡ್ತೀನಿ, ಕಾರಣ ಆಮೇಲೆ ನಿಧಾನಕ್ಕೆ ಓದ್ಕೊಳ್ಳಿ. ಈ ದುಡ್ಡು ಇಲ್ದೆ ಗೇಮ್ ಮುಗ್ಸೋಕೇ ಆಗಲ್ಲ ಅನ್ನೋ ಪರಿಸ್ಥಿತಿ ಇದ್ರೆ ತಗೊಳ್ಳಿ, ಆದ್ರೆ ಒಂದು ವರ್ಷಕ್ಕೆ ಬೇಡ, ಮತ್ತೆ ಅನೌನ್ಸ್ ಮಾಡೋಕೆ ಮುಂಚೆ ಡಿಸ್ಕಾರ್ಡ್‌ನೋರಿಗೆ ನೀವೇ ಹೇಳಿ. ಗೇಮ್ ಹೆಂಗಿದ್ರೂ ಮುಗಿಯುತ್ತೆ, ಇದು ಮೇಲಿನ ದುಡ್ಡು ಅಷ್ಟೇ ಅನ್ನೋದಾದ್ರೆ ನನ್ನ ಪ್ರಕಾರ ಬೇಡ. ಪ್ಲೇಯರ್ಸ್ ಹಿಂದೆ ಬರ್ತಾರಾ ಅಂತ ಕೇಳಿದ್ರಲ್ಲ, ಸ್ವಲ್ಪ ಜನ ಬರ್ತಾರೆ, ಜಾಸ್ತಿ ಜನ ಬರಲ್ಲ, ಅದು ನಿಮ್ಮ ಗೇಮ್ ಚೆನ್ನಾಗಿಲ್ಲ ಅಂತಲ್ಲ.

ಎಕ್ಸ್‌ಕ್ಲೂಸಿವ್‌ನಿಂದ ಕಂಪನಿಗಳು ಬೆಳೆದಿದ್ದು ನಿಜ, ಆದ್ರೆ ಅದು ಬೇರೆ ಕಾಲ ಕಣ್ರಪ್ಪ. 1980ರ ದಶಕದಲ್ಲಿ ನಿಂಟೆಂಡೋದವರು ಅಮೆರಿಕದಲ್ಲಿ ತಮ್ಮ ಎನ್‌ಇಎಸ್ ಅನ್ನೋ, ಟಿವಿಗೆ ಹಾಕಿ ಆಡೋ ಗೇಮ್ ಮೆಷಿನ್‌ಗೆ ಗೇಮ್ ಮಾಡೋ ಕಂಪನಿಗಳಿಗೆ ಎರಡು ಷರತ್ತು ಹಾಕಿದ್ರು, ವರ್ಷಕ್ಕೆ ಐದೇ ಗೇಮ್ ತರ್ಬೇಕು, ಮತ್ತೆ ಆ ಗೇಮ್‌ನ ಎರಡು ವರ್ಷ ಬೇರೆ ಮೆಷಿನ್‌ಗೆ ಕೊಡಂಗಿಲ್ಲ. ಮಾರ್ಕೆಟ್ ಅವರ ಕೈಲಿತ್ತು, ಮಾಡೋರು ತೆಪ್ಪಗೆ ಸೈನ್ ಹಾಕ್ತಿದ್ರು, ಎಕ್ಸ್‌ಕ್ಲೂಸಿವ್‌ಗೆ ಅಂತ ನಿಂಟೆಂಡೋ ದುಡ್ಡು ಕೊಡ್ತಿರ್ಲಿಲ್ಲ, ಮಾಡೋರೇ ನಿಂಟೆಂಡೋಗೆ ಕೊಡ್ಬೇಕಿತ್ತು. ಆಮೇಲೆ ಸೋನಿ ಬಂತು. ಫೈನಲ್ ಫ್ಯಾಂಟಸಿ ಅನ್ನೋ ಸರಣಿಯ ಮೊದಲ ಆರೂ ಮುಖ್ಯ ಗೇಮ್‌ಗಳು ನಿಂಟೆಂಡೋ ಮೆಷಿನ್‌ಗೇ ಬಂದಿದ್ದು, ಏಳನೇದು 1997ರಲ್ಲಿ ಸೋನಿಯ ಪ್ಲೇಸ್ಟೇಷನ್ ಮೆಷಿನ್‌ಗೆ ಹೋಯ್ತು. ಯಾಕೆ ಅಂದ್ರೆ ನಿಂಟೆಂಡೋದ ಆಗಿನ ಹೊಸ ಮೆಷಿನ್ ನಿಂಟೆಂಡೋ 64 ಇನ್ನೂ ಕಾರ್ಟ್ರಿಡ್ಜ್ ಹಿಡ್ಕೊಂಡು ಕೂತಿತ್ತು, ಅದರಲ್ಲಿ ದೊಡ್ಡದು ಅಂದ್ರೂ 64 ಎಂಬಿ, ಸೋನಿ ಸಿಡಿಯಲ್ಲಿ ಸುಮಾರು 650 ಎಂಬಿ ಹಿಡಿಯೋದು, ಫೈನಲ್ ಫ್ಯಾಂಟಸಿ 7 ಬಂದಿದ್ದೇ ಮೂರು ಸಿಡಿಯಲ್ಲಿ. ಗೇಮ್ ಹೋದ ಕಡೆ ಆಡೋರೂ ಹೋದ್ರು. ಆ ಪೀಳಿಗೇಲಿ ಪ್ಲೇಸ್ಟೇಷನ್ 10 ಕೋಟಿ ದಾಟ್ತು, ನಿಂಟೆಂಡೋ 64 ಸುಮಾರು 3.3 ಕೋಟಿಗೆ ನಿಲ್ತು. ಒಂದು ಗೇಮ್‌ನಿಂದಾನೇ ಇಷ್ಟಾಯ್ತು ಅಂತ ನಾನು ಹೇಳ್ತಿಲ್ಲ, ಆದ್ರೆ ಮೆಷಿನ್ ಮೇಲೆ ಇದ್ದ ನಿಯತ್ತಿಗಿಂತ ಗೇಮ್ ಮೇಲಿನ ನಿಯತ್ತು ದೊಡ್ಡದು ಅಂತ ಎಲ್ರಿಗೂ ಕಾಣಿಸ್ತು. 2001ರಲ್ಲಿ ಮೈಕ್ರೋಸಾಫ್ಟ್ ಮೊದಲ ಎಕ್ಸ್‌ಬಾಕ್ಸ್ ತಂದಾಗ ಅದೇ ಪಾಠ ಓದ್ಕೊಂಡು ಬಂದಿದ್ರು, ಹೇಲೋ ಮಾಡ್ತಿದ್ದ ಬಂಗೀ ಕಂಪನಿನೇ 2000ದಲ್ಲಿ ಕೊಂಡ್ಕೊಂಡಿದ್ರು. ಅದಕ್ಕೆ ಒಂದು ವರ್ಷ ಮುಂಚೆ ಆ ಗೇಮ್‌ನ ಆಪಲ್ ಸ್ಟೇಜ್ ಮೇಲೆ ಸ್ಟೀವ್ ಜಾಬ್ಸ್ ತೋರ್ಸಿದ್ರು ಅನ್ನೋದು ಇನ್ನೊಂದು ತಮಾಷೆ.

ಈಗ ಅದು ಯಾಕೆ ಅಷ್ಟು ಸಲೀಸಾಗಿ ನಡೀಯಲ್ಲ ಅನ್ನೋದು ನಿಮಗೆ ಬೇಕಾಗಿರೋ ವಿಷ್ಯ. 1997ರಲ್ಲಿ ಹೊಸ ಮೆಷಿನ್ ತಗೊಳ್ಳೋನು ಯಾವ ಕಂಪನಿದು ತಗೊಂಡ್ರೂ ಬಹುಪಾಲು ಸೊನ್ನೆಯಿಂದ ಶುರು ಮಾಡ್ಬೇಕಿತ್ತು, ಹಳೇ ಕಾರ್ಟ್ರಿಡ್ಜ್ ಹೊಸದಕ್ಕೆ ಹೋಗ್ತಿರ್ಲಿಲ್ಲ, ಆನ್‌ಲೈನ್ ಫ್ರೆಂಡ್ ಲಿಸ್ಟ್ ಇರ್ಲಿಲ್ಲ, ಅಕೌಂಟೇ ಇರ್ಲಿಲ್ಲ. ಅಂದ್ರೆ ಬಿಟ್ಟು ಹೋಗೋಕೆ ಏನೂ ಖರ್ಚಿಲ್ಲ, ಒಂದು ಒಳ್ಳೇ ಗೇಮ್ ಕಂಡ್ರೆ ಆ ಕಡೆ ನಡೆದ್ರಾಯ್ತು. ಇವತ್ತು ಹಂಗಲ್ಲ. ನಿಮ್ಮ ಡಿಸ್ಕಾರ್ಡ್‌ನಲ್ಲಿರೋ ಒಬ್ಬ ಹುಡುಗನ ಸ್ಟೀಮ್ ಅಕೌಂಟ್ ನೋಡಿ, ಸೇಲ್‌ನಲ್ಲಿ ತಗೊಂಡು ಇನ್ನೂ ಓಪನ್ನೂ ಮಾಡದಿರೋ ಗೇಮ್‌ಗಳು, ಅಚೀವ್‌ಮೆಂಟ್ಸು, ಕ್ಲೌಡ್‌ನಲ್ಲಿರೋ ಸೇವ್ ಫೈಲ್, ಕಾಲೇಜ್ ಫ್ರೆಂಡ್ಸ್, ಎಲ್ಲ ಒಂದೇ ಕಡೆ ಗುಡ್ಡೆ ಬಿದ್ದಿರುತ್ತೆ. ಅವನಿಗೆ ಸ್ಟೀಮ್ ಮೇಲೆ ಪ್ರೀತಿ ಇದೆಯೋ ಇಲ್ವೋ ಗೊತ್ತಿಲ್ಲ, ಎದ್ದು ಹೋಗೋಕೆ ಸೋಮಾರಿತನ ಅಂತೂ ಇದ್ದೇ ಇರುತ್ತೆ.

ಇದನ್ನ ಎಕ್ಸ್‌ಬಾಕ್ಸ್‌ನ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ 2023ರಲ್ಲಿ ಬಾಯ್ಬಿಟ್ಟೇ ಹೇಳಿದ್ರು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬಂದಾಗ ಅದರ ಬೆಲೆ 499 ಡಾಲರ್, ಪ್ಲೇಸ್ಟೇಷನ್ 4ರದ್ದು 399, ಅದರ ಮೇಲೆ ಸೆಕೆಂಡ್ ಹ್ಯಾಂಡ್ ಗೇಮ್‌ಗೆ ನಿರ್ಬಂಧ, ದಿನಾ ಒಂದ್ಸಲ ಇಂಟರ್ನೆಟ್‌ಗೆ ಕನೆಕ್ಟ್ ಆಗ್ಬೇಕು ಅಂತ ಹೇಳಿ ಬೈಸ್ಕೊಂಡು ಆಮೇಲೆ ವಾಪಸ್ ತಗೊಂಡ್ರು. ಸ್ಪೆನ್ಸರ್ ಹೇಳಿದ್ದೇನಂದ್ರೆ, ಸೋಲೋಕೆ ಅದಕ್ಕಿಂತ ಕೆಟ್ಟ ಸಮಯ ಇರ್ಲಿಲ್ಲ, ಯಾಕಂದ್ರೆ ಜನ ತಮ್ಮ ಡಿಜಿಟಲ್ ಲೈಬ್ರರಿ ಕಟ್ಕೊಂಡಿದ್ದೇ ಆ ಪೀಳಿಗೇಲಿ, ಈಗ ನಾವು ಎಷ್ಟೇ ಒಳ್ಳೇ ಗೇಮ್ ಮಾಡಿದ್ರೂ ಜನ ಪ್ಲೇಸ್ಟೇಷನ್ ಮಾರಿ ಬರ್ತಾರೆ ಅನ್ನೋದು ಸುಳ್ಳು ಅಂತ. ಸೋತೋರ ಸಬೂಬು ಅಂತ ಆಗ ತುಂಬ ಜನ ನಕ್ಕರು. ನನಗೆ ಮಾತ್ರ ಅದು ಲೆಕ್ಕ ಗೊತ್ತಿರೋರ ಮಾತು ಅನ್ನಿಸ್ತು. ಅದಾದ ಮೇಲೆ 2024ರಲ್ಲಿ ಮೈಕ್ರೋಸಾಫ್ಟ್ ಸೀ ಆಫ್ ಥೀವ್ಸ್, ಹೈಫೈ ರಶ್ ಥರದ ತನ್ನ ಗೇಮ್‌ಗಳನ್ನ ಪ್ಲೇಸ್ಟೇಷನ್‌ಗೂ ಬಿಡೋಕೆ ಶುರು ಮಾಡ್ತು. ಸೋನಿನೂ 2020ರಿಂದ ತನ್ನ ದೊಡ್ಡ ಗೇಮ್‌ಗಳನ್ನ ಒಂದೊಂದಾಗಿ ಪಿಸಿಗೆ ತಂದಿದೆ. ನಿಂಟೆಂಡೋ ಒಂದು, ಫೋನ್‌ಗೆ ಬಿಟ್ಟ ಒಂದಷ್ಟು ಗೇಮ್ ಹೊರತು, ಇವತ್ತಿಗೂ ತನ್ನ ಮಾರಿಯೋನ ಎದುರಾಳಿ ಮೆಷಿನ್‌ಗಳ ಹೊಸ್ತಿಲು ತುಳಿಯೋಕೆ ಬಿಟ್ಟಿಲ್ಲ.

ನಿಂಟೆಂಡೋದ್ದೇ ಒಂದು ಉದಾಹರಣೆ ನನಗೆ ತುಂಬ ಇಷ್ಟ. ಮಾರಿಯೋ ಕಾರ್ಟ್ 8 ಮೊದ್ಲು ಬಂದಿದ್ದು 2014ರಲ್ಲಿ, ವೀ ಯು ಅನ್ನೋ ಮೆಷಿನ್‌ಗೆ. ಆ ಮೆಷಿನ್ ಒಟ್ಟು ಮಾರಾಟ ಆಗಿದ್ದೇ ಸುಮಾರು 1.35 ಕೋಟಿ, ಗೇಮ್ ಮಾರಾಟ ಆಗಿದ್ದು 84 ಲಕ್ಷದ ಆಸುಪಾಸು. ಅಂದ್ರೆ ಮೆಷಿನ್ ಇದ್ದ ಹತ್ತರಲ್ಲಿ ಆರು ಜನದ ಹತ್ರ ಈ ಗೇಮ್ ಇತ್ತು, ಅದಕ್ಕಿಂತ ನಿಯತ್ತು ಇನ್ನೇನು ಬೇಕು ಹೇಳಿ. ಆದ್ರೂ ಗೇಮ್‌ಗೋಸ್ಕರ ಮೆಷಿನ್ ತಗೊಂಡ ಹೊಸಬ್ರು ಸಾಕಾಗ್ಲಿಲ್ಲ. 2017ರಲ್ಲಿ ಅದೇ ಗೇಮ್, ಒಂದಷ್ಟು ಪಾತ್ರ ಸೇರಿಸಿ, ಬ್ಯಾಟಲ್ ಮೋಡ್‌ನ ಹೊಸದಾಗಿ ಮಾಡಿ, ತಮ್ಮ ಮುಂದಿನ ಮೆಷಿನ್ ಸ್ವಿಚ್‌ಗೆ ತಂದ್ರು, 6 ಕೋಟಿ ದಾಟ್ತು. ಟ್ರ್ಯಾಕ್ ಅದೇ, ಬಾಳೆಹಣ್ಣಿನ ಸಿಪ್ಪೆನೂ ಅದೇ! ಎರಡು ಸಲನೂ ಅದು ಎಕ್ಸ್‌ಕ್ಲೂಸಿವೇ, ಬದಲಾಗಿದ್ದು ಅದು ಕೂತಿದ್ದ ಜಾಗ. ಸ್ವಿಚ್‌ನ ಕೈಲಿ ಹಿಡ್ಕೊಂಡೂ ಆಡ್ಬಹುದು ಟಿವಿಗೂ ಹಾಕ್ಬಹುದು ಅನ್ನೋದು ಜನಕ್ಕೆ ಒಂದೇ ಏಟಿಗೆ ಅರ್ಥ ಆಯ್ತು, ವೀ ಯು ಏನು ಅಂತ ತುಂಬ ಜನಕ್ಕೆ ಅರ್ಥನೇ ಆಗ್ಲಿಲ್ಲ, ವೀ ಅನ್ನೋ ಅವರ ಹಳೇ ಮೆಷಿನ್‌ಗೆ ಇನ್ನೊಂದು ಕಂಟ್ರೋಲರ್ ಅನ್ಕೊಂಡ್ರು. ಹಂಗಾಗಿ ನಿಮಗೆ ಆಫರ್ ಕೊಟ್ಟಿರೋ ಸ್ಟೋರ್‌ನ ಬಗ್ಗೆ ಮೊದ್ಲು ಕೇಳ್ಕೊಬೇಕಾಗಿದ್ದು ಎಷ್ಟು ಕೊಡ್ತಾರೆ ಅನ್ನೋದಲ್ಲ. ಲಾರಿ, ಬಸ್ಸು, ಟ್ರಕ್ ಸಿಮ್ಯುಲೇಟರ್ ಆಡೋರು ಅಲ್ಲಿ ಎಷ್ಟು ಜನ ಇದಾರೆ, ಅವರು ಅಲ್ಲಿ ಯಾಕೆ ಬರ್ತಾರೆ, ವಾರಕ್ಕೊಂದು ಫ್ರೀ ಗೇಮ್ ತಗೊಂಡು ಹೋಗೋಕಾ ಅಥವಾ ದುಡ್ಡು ಕೊಟ್ಟು ಕೊಳ್ಳೋಕಾ, ಅದನ್ನ ಕೇಳಿ.

ದೂರ ಯಾಕೆ, ನಮ್ಮ ಕಡೆದೇ ನೋಡಿ. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಮೊಬೈಲ್ ಬ್ಯಾನ್ ಆಯ್ತು. ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನೋರು ಅದರ ಜಾಗಕ್ಕೆ ಫೌಜಿ ಅನ್ನೋ ಗೇಮ್ ತಂದ್ರು, 2021ರ ಗಣರಾಜ್ಯೋತ್ಸವದ ದಿನ, ದೇಶಾಭಿಮಾನದ ಗಾಳಿ ಜೋರಿತ್ತು, ರಿಲೀಸ್‌ಗೆ ಮುಂಚೆನೇ ಲಕ್ಷಗಟ್ಟಲೆ ಜನ ರಿಜಿಸ್ಟರ್ ಮಾಡ್ಕೊಂಡಿದ್ರು, ಎದುರಾಳಿನ ಸರ್ಕಾರನೇ ಹೊರಗೆ ಹಾಕಿತ್ತು. ಎಕ್ಸ್‌ಕ್ಲೂಸಿವ್ ಅಂದ್ರೆ ಇದಕ್ಕಿಂತ ದೊಡ್ಡದು ಯಾರಿಗೂ ಸಿಗಲ್ಲ. ಆದ್ರೆ ಡೌನ್‌ಲೋಡ್ ಮಾಡಿ ನೋಡಿದ್ರೆ ಅದರಲ್ಲಿ ಕ್ಯಾಂಪೇನ್, ಅಂದ್ರೆ ಒಬ್ಬರೇ ಆಡೋ ಕಥೆ, ಮಾತ್ರ ಇತ್ತು, ನಾಲ್ಕು ಜನ ಸೇರಿ ಆಡೋ ಬ್ಯಾಟಲ್ ರಾಯಲ್ ಇರ್ಲಿಲ್ಲ, ರೇಟಿಂಗ್ ಬಿತ್ತು. ಅದೇ ವರ್ಷ ಜುಲೈನಲ್ಲಿ ಪಬ್‌ಜಿಯ ಕ್ರಾಫ್ಟನ್ ಕಂಪನಿ ಅದೇ ಗೇಮ್‌ನ ನಮ್ಮ ದೇಶಕ್ಕೆ ಅಂತ ಬಿಜಿಎಂಐ ಹೆಸರಲ್ಲಿ ತಂದಾಗ ಒಂದು ಬುದ್ಧಿವಂತಿಕೆ ಮಾಡಿದ್ರು, ಹಳೇ ಪಬ್‌ಜಿ ಅಕೌಂಟ್‌ನ ಡೇಟಾ ತರೋಕೆ ಬಿಟ್ರು. ದುಡ್ಡು ಕೊಟ್ಟು ತಗೊಂಡಿದ್ದ ಗನ್ ಸ್ಕಿನ್, ಬಟ್ಟೆ ಎಲ್ಲ ಹಂಗೇ ಬಂತು. ಹಾಸ್ಟೆಲ್‌ಗಳಲ್ಲಿ, ಬಸ್‌ಸ್ಟ್ಯಾಂಡ್‌ಗಳಲ್ಲಿ ಜನ ಬ್ಯಾನ್ ಆಗಿದ್ದೇ ಮರೆತು ಹೋದಂಗೆ ಮತ್ತೆ ಶುರು ಹಚ್ಕೊಂಡಿದ್ದು ನೀವೇ ನೋಡಿರ್ತೀರ. ಅಂದ್ರೆ ಹತ್ತು ತಿಂಗಳು ಅಂಗಡಿ ಮುಚ್ಚಿದ್ರೂ ನಿಯತ್ತು ಉಳೀತು, ಯಾಕಂದ್ರೆ ಅದು ಇದ್ದಿದ್ದು ಅವರ ಅಕೌಂಟ್‌ನಲ್ಲಿ ಮತ್ತೆ ಅವರ ಸ್ಕ್ವಾಡ್‌ನಲ್ಲಿ.

ಈಗ ನಿಮ್ಮ ಎರಡನೇ ಫ್ರೆಂಡ್‌ನ ಭಯಕ್ಕೆ ಬರೋಣ, ಪ್ಲೇಯರ್ಸ್ ಉಗೀತಾರೆ ಅಂದ್ನಲ್ಲ. ಉಗೀತಾರೆ. ಆದ್ರೆ ಯಾವಾಗ ಉಗೀತಾರೆ ಅನ್ನೋದ್ರಲ್ಲಿ ಒಂದು ಕ್ರಮ ಇದೆ. 2018ರ ಡಿಸೆಂಬರ್‌ನಲ್ಲಿ ಎಪಿಕ್ ಗೇಮ್ಸ್ ಸ್ಟೋರ್ ಶುರುವಾಯ್ತು, ಸ್ಟೀಮ್ ಸಾಮಾನ್ಯವಾಗಿ ಮಾರಾಟದಲ್ಲಿ ನೂರಕ್ಕೆ 30 ಕಮಿಷನ್ ತಗೊಂಡ್ರೆ ಇವರು 12 ಸಾಕು ಅಂದ್ರು, ಜೊತೆಗೆ ದುಡ್ಡು ಕೊಟ್ಟು ಎಕ್ಸ್‌ಕ್ಲೂಸಿವ್ ತಗೊಳ್ಳೋಕೆ ಶುರು ಮಾಡಿದ್ರು. ಮೆಟ್ರೋ ಎಕ್ಸೋಡಸ್ ಅನ್ನೋ ಗೇಮ್ ಆಗ್ಲೇ ಸ್ಟೀಮ್‌ನಲ್ಲಿ ಪ್ರೀಆರ್ಡರ್‌ಗೆ ಇತ್ತು, 2019ರ ಫೆಬ್ರವರಿ 15ಕ್ಕೆ ರಿಲೀಸ್, ಇನ್ನೂ ಮೂರು ವಾರನೂ ಇಲ್ಲ ಅನ್ನುವಾಗ ಎಪಿಕ್‌ಗೆ ಹೋಯ್ತು, ಜನ ಕೆಂಡ ಆದ್ರು, ಆ ಸಿಟ್ಟನ್ನ ಹಳೇ ಮೆಟ್ರೋ ಗೇಮ್‌ಗಳ ರಿವ್ಯೂನಲ್ಲಿ ಹೋಗಿ ಕಾರಿದ್ರು. ಫೀನಿಕ್ಸ್ ಪಾಯಿಂಟ್ ಇನ್ನೂ ಸೂಕ್ಷ್ಮ, ಅದು ಜನರ ಹತ್ರ ಚಂದಾ ಎತ್ತಿ ಮಾಡಿದ ಗೇಮ್, ದುಡ್ಡು ಕೊಟ್ಟೋರಿಗೆ ಸ್ಟೀಮ್ ಕೀ, ಅಂದ್ರೆ ಸ್ಟೀಮ್‌ನಲ್ಲಿ ಗೇಮ್ ಪಡೆಯೋ ಕೋಡ್, ಕೊಡ್ತೀವಿ ಅಂತ ಹೇಳಿದ್ರು, ಆಮೇಲೆ ಒಂದು ವರ್ಷ ಎಪಿಕ್ ಅಂದ್ರು, ಬೇಡ ಅಂದೋರಿಗೆ ದುಡ್ಡು ವಾಪಸ್ ಕೊಡ್ತೀವಿ ಅಂದ್ರೂ ಸಿಟ್ಟು ಇಳೀಲಿಲ್ಲ. ಊಬ್ಲೆಟ್ಸ್ ಅಂತ ಇಬ್ಬರೇ ಸೇರಿ ಮಾಡ್ತಿದ್ದ ಒಂದು ಮುದ್ದು ಮುದ್ದಾದ ಗೇಮ್, ನಿಮ್ಮಂಥೋರೇ, ಅವರು ಎಕ್ಸ್‌ಕ್ಲೂಸಿವ್ ಸುದ್ದಿನ ಸ್ವಲ್ಪ ತಮಾಷೆಯಾಗಿ, ಸಿಟ್ಟು ಮಾಡ್ಕೊಳ್ಳೋರನ್ನ ಮೊದಲೇ ಕಿಚಾಯಿಸೋ ಧಾಟೀಲಿ ಬರೆದ್ರು. ಬೈಗುಳ, ಬೆದರಿಕೆ ಸಾವಿರಗಟ್ಟಲೆ ಬಂದ್ವು. ಬೆದರಿಕೆ ಹಾಕಿದೋರು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಬೇಜಾರಲ್ಲಿರೋರ ಮುಂದೆ ಜೋಕ್ ಹೊಡೀಬಾರ್ದು ಅಂತ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು.

ಅದೇ ಎಪಿಕ್, ಅದೇ ಸಮಯ, ಹೇಡಿಸ್ ಗೇಮ್‌ಗೆ ಇಂಥ ಬೆಂಕಿ ಬೀಳ್ಲಿಲ್ಲ. ಯಾಕೆ? ಅದು ಮೊದಲ ದಿನದಿಂದಾನೇ ಅಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದ್ರೆ ಪೂರ್ತಿ ಮುಗಿಯೋ ಮುಂಚೆನೇ ಮಾರೋ ಥರ, ಶುರುವಾಯ್ತು, ಅದಕ್ಕೆ ಮುಂಚೆ ಯಾರಿಗೂ ಸ್ಟೀಮ್ ಅಂತ ಮಾತು ಕೊಟ್ಟಿರ್ಲಿಲ್ಲ. ಒಂದು ವರ್ಷ ಅಲ್ಲಿದ್ದು, ಆಡೋರು ಹೇಳಿದ್ದು ಕೇಳ್ಕೊಂಡು ತಿದ್ದುತಾ ಹೋಗಿ, 2019ರ ಡಿಸೆಂಬರ್‌ಗೆ ಸ್ಟೀಮ್‌ಗೆ ಬಂದ್ರು, ಪೂರ್ತಿ ಗೇಮ್ 2020ರ ಸೆಪ್ಟೆಂಬರ್‌ನಲ್ಲಿ. ಸ್ಟೀಮ್‌ನೋರಿಗೆ ಹಳಸಿದ ಗೇಮ್ ಸಿಗ್ಲಿಲ್ಲ, ಇನ್ನೂ ಚೆನ್ನಾಗಿ ಆಗಿರೋದೇ ಸಿಕ್ತು. ಸ್ಯಾಟಿಸ್‌ಫ್ಯಾಕ್ಟರಿನೂ ಸುಮಾರು ಇದೇ ದಾರಿ, 2019ರಲ್ಲಿ ಎಪಿಕ್, 2020ರಲ್ಲಿ ಸ್ಟೀಮ್. ಅದಕ್ಕೆ ಸ್ಟೀಮ್ ಪೇಜ್ ಮೊದಲೇ ಇತ್ತು, ತೆಗೆದಾಗ ಬೈಸ್ಕೊಂಡ್ರು, ಆದ್ರೆ ಗೇಮ್ ಇಂಪ್ರೂವ್ ಆಗ್ತಾನೇ ಇತ್ತು, ಜನ ಮರೆತ್ರು. (ಅದನ್ನ ಮಾಡಿದ ಸ್ವೀಡನ್ ಕಂಪನಿ ಹೆಸರು ಕಾಫಿ ಸ್ಟೇನ್. ನಮ್ಮ ಮೂಡಿಗೆರೆ ಕಡೆಯೋರು ಇಡ್ಬೇಕಿದ್ದ ಹೆಸರು, ಅವರು ಹೊಡ್ಕೊಂಡು ಹೋದ್ರು.)

ನೀವು ಎಲ್ಲಿದೀರ ನೋಡಿ. ಸ್ಟೀಮ್ ಪೇಜ್ ಇದೆ, ಡೆಮೋ ಅಲ್ಲೇ ಇದೆ, ವಿಶ್‌ಲಿಸ್ಟ್ ಮಾಡಿ ಅಂತ ಕೈಮುಗಿದು ಕೇಳಿದೀರ. ಹೇಡಿಸ್‌ಗಿಂತ ಮೆಟ್ರೋಗೆ ಹತ್ರ ಇದೀರ. ವಿಶ್‌ಲಿಸ್ಟ್ ಮಾಡ್ದೋನು ದುಡ್ಡು ಕೊಟ್ಟಿಲ್ಲ ನಿಜ, ಆದ್ರೆ ಅವನ ತಲೇಲಿ ಅದು ಒಂದು ಮಾತು.

ದುಡ್ಡಿನ ಲೆಕ್ಕಕ್ಕೆ ಬರೋಣ. ಇಂಥ ಆಫರ್ ಸಾಮಾನ್ಯವಾಗಿ ಮಿನಿಮಮ್ ಗ್ಯಾರಂಟಿ ರೂಪದಲ್ಲಿ ಇರುತ್ತೆ. ನಿಮ್ಮ ನೆಂಟರಲ್ಲಿ ಯಾರಾದ್ರೂ ತೋಟದೋರು ಇದ್ರೆ ಗೊತ್ತಿರುತ್ತೆ, ಕೊಯ್ಲಿಗೆ ಮುಂಚೆನೇ ವ್ಯಾಪಾರಿ ಹತ್ರ ಮುಂಗಡ ತಗೊಂಡು ಬೆಳೆ ಬರ್ಕೊಟ್ಟಿರ್ತಾರೆ, ಆಮೇಲೆ ರೇಟು ಏರಿದ್ರೂ ಬೇರೆಯೋರಿಗೆ ಕೊಡಂಗಿಲ್ಲ, ಇದೂ ಅದೇ ಜಾತಿ. ಒಂದೇ ವ್ಯತ್ಯಾಸ, ಇಲ್ಲಿ ಬೆಳೆ ಕೈಕೊಟ್ರೆ ಮುಂಗಡ ವಾಪಸ್ ಕೊಡೋ ಹಂಗಿರಲ್ಲ, ಅದೇ ಇದರ ಒಳ್ಳೇ ಭಾಗ. ಒಂದು ಉದಾಹರಣೆ ಲೆಕ್ಕ ಹಾಕಿ, ನನ್ನ ಅಂಕಿ ಬದಲು ನಿಮ್ಮದು ಹಾಕ್ಕೊಳ್ಳಿ. ಗ್ಯಾರಂಟಿ 40 ಲಕ್ಷ, ಗೇಮ್ 500 ರೂಪಾಯಿ, ಸ್ಟೋರ್ ಕಮಿಷನ್ ನೂರಕ್ಕೆ 12 ಅಂದ್ರೆ ಒಂದು ಕಾಪಿಗೆ ನಿಮ್ಮ ಪಾಲು 440. ಸುಮಾರು 9,100 ಕಾಪಿ ಮಾರಾಟ ಆಗೋವರೆಗೂ ನಿಮಗೆ ಹೊಸದಾಗಿ ಒಂದು ರೂಪಾಯಿನೂ ಬರಲ್ಲ, ಅಲ್ಲಿಂದ ಮುಂದೆ ಬರುತ್ತೆ. ಅದೇ 40 ಲಕ್ಷ ಸ್ಟೀಮ್‌ನಲ್ಲಿ ಬರ್ಬೇಕಾದ್ರೆ ಕಾಪಿಗೆ 350ರ ಲೆಕ್ಕದಲ್ಲಿ ಹನ್ನೊಂದೂವರೆ ಸಾವಿರ ಮಾರ್ಬೇಕು, ತೆರಿಗೆ, ರಿಫಂಡ್, ಸೇಲ್‌ನ ಡಿಸ್ಕೌಂಟು ಎಲ್ಲ ಬಿಟ್ಟು. ನಿಮ್ಮ ವಿಶ್‌ಲಿಸ್ಟ್ ನೋಡಿದ್ರೆ ಮೊದಲ ವರ್ಷಕ್ಕೆ ಅಷ್ಟು ಆಗೋ ಥರ ಇಲ್ಲ ಅನ್ಸಿದ್ರೆ ಆಫರ್ ಒಳ್ಳೇದೇ. ಆದ್ರೆ ಒಂದು ವಿಷ್ಯ ಈ ಲೆಕ್ಕದಲ್ಲಿ ಬರಲ್ಲ, ಸ್ಟೀಮ್‌ನಲ್ಲಿ ರಿಲೀಸ್ ದಿನ ವಿಶ್‌ಲಿಸ್ಟ್ ಮಾಡ್ದೋರಿಗೆಲ್ಲ ಮೇಲ್ ಹೋಗುತ್ತೆ, ಅವತ್ತು ಒಟ್ಟಿಗೆ ಬಂದು ಬೀಳೋ ಮಾರಾಟ, ರಿವ್ಯೂ, ಅದೇ ಗೇಮ್‌ನ ಇನ್ನಷ್ಟು ಜನದ ಮುಂದೆ ಎಳೀತದೆ. ಒಂದು ವರ್ಷ ಬಿಟ್ಟು ಬಂದ್ರೂ ಮೇಲ್ ಹೋಗುತ್ತೆ, ಆದ್ರೆ ಅಷ್ಟೊತ್ತಿಗೆ ಯೂಟ್ಯೂಬ್‌ನಲ್ಲಿ ಎಲ್ಲ ಆಡಿ ಮುಗಿಸಿರ್ತಾರೆ, ಬಿಸಿ ಆರಿರುತ್ತೆ.

ಇನ್ನು ಸ್ಟೋರ್‌ನೋರ ಕಡೆಯಿಂದ. ಅವರು ನಿಮ್ಮ ಗೇಮ್ ಮೇಲಿನ ಅಭಿಮಾನಕ್ಕೆ ದುಡ್ಡು ಕೊಡ್ತಿಲ್ಲ, ನಿಮ್ಮ ಡಿಸ್ಕಾರ್ಡ್‌ನೋರು ಅಲ್ಲಿ ಅಕೌಂಟ್ ಮಾಡ್ಲಿ ಅಂತ ಕೊಡ್ತಿದಾರೆ, ತಪ್ಪೇನಿಲ್ಲ, ವ್ಯಾಪಾರ. ಆದ್ರೆ ಆ ವ್ಯಾಪಾರ ಎಷ್ಟರ ಮಟ್ಟಿಗೆ ಫಲ ಕೊಡುತ್ತೆ ಅಂತ ಎಪಿಕ್‌ನ ಮುಖ್ಯಸ್ಥ ಟಿಮ್ ಸ್ವೀನಿನೇ 2024ರಲ್ಲಿ ಹೇಳಿದಾರೆ, ಎಕ್ಸ್‌ಕ್ಲೂಸಿವ್‌ಗೆ ತುಂಬ ದುಡ್ಡು ಹಾಕಿದ್ವಿ, ಕೆಲವು ಭರ್ಜರಿ ಓಡಿದ್ವು, ಬಹಳಷ್ಟು ಒಳ್ಳೇ ಹೂಡಿಕೆ ಆಗ್ಲಿಲ್ಲ, ಫ್ರೀ ಗೇಮ್ ಕೊಟ್ಟಿದ್ದೇ ಚೆನ್ನಾಗಿ ಕೆಲಸ ಮಾಡ್ತು ಅಂತ. ಅಷ್ಟು ದುಡ್ಡು ಸುರಿದೋರಿಗೇ ಹಂಗಾದ್ರೆ ನಿಮ್ಮ ಲಾರಿ ಗೇಮ್ ಒಂದರಿಂದ ಜನ ಮನೆ ಬದಲಾಯಿಸ್ತಾರೆ ಅಂತ ನಂಬ್ಕೊಂಡು ಸೈನ್ ಹಾಕ್ಬೇಡಿ.

ಹಂಗಂತ ಎಕ್ಸ್‌ಕ್ಲೂಸಿವ್ ದುಡ್ಡೆಲ್ಲ ಪಾಪದ ದುಡ್ಡಲ್ಲ. ಬೇಯೊನೆಟ್ಟಾ 2 ಗೇಮ್‌ಗೆ ದುಡ್ಡು ಹಾಕೋರು ಸಿಗದೇ ಇದ್ದಾಗ ನಿಂಟೆಂಡೋ ಹಾಕ್ತು, 2014ರಲ್ಲಿ ವೀ ಯುಗೆ ಮಾತ್ರ ಬಂತು, ಮೊದಲ ಭಾಗನ ಬೇರೆ ಮೆಷಿನ್‌ನಲ್ಲಿ ಆಡಿದ್ದೋರು ಕೂಗಾಡಿದ್ರು, ಆದ್ರೆ ಆ ದುಡ್ಡಿಲ್ದಿದ್ರೆ ಗೇಮೇ ಇರ್ತಿರ್ಲಿಲ್ಲ, ಹೊತ್ತು ಹೋದಂಗೆ ಜನ ಅದನ್ನ ಒಪ್ಕೊಂಡ್ರು. ಪುಣೆಯ ನಾಡಿಂಗ್ ಹೆಡ್ಸ್‌ನೋರ ರಾಜಿ, 2020ರ ಆಗಸ್ಟ್‌ನಲ್ಲಿ ಮೊದ್ಲು ಸ್ವಿಚ್‌ಗೆ ಮಾತ್ರ ಬಂತು, ಅಕ್ಟೋಬರ್‌ಗೆ ಉಳಿದ ಕಡೆ. ಎರಡು ತಿಂಗಳು. ಯಾರೂ ಜಗಳ ಆಡ್ಲಿಲ್ಲ. ನಿಮ್ಮ ಮೇಲೆ ಪ್ರೀತಿ ಇರೋನು ಒಂದೆರಡು ತಿಂಗಳು ಕಾಯ್ತಾನೆ, ಒಂದು ವರ್ಷದಲ್ಲಿ ಅವನಿಗೆ ಇನ್ನೊಂದು ಗೇಮ್ ಸಿಕ್ಕಿರುತ್ತೆ.

ಹಂಗಾಗಿ ಮಾತುಕತೆಗೆ ಕೂತಾಗ ಮೊದ್ಲು ಅವಧಿ ಇಳಿಸಿ. ಎಪಿಕ್ 2023ರಲ್ಲಿ ಶುರು ಮಾಡಿದ ಫಸ್ಟ್ ರನ್ ಅನ್ನೋ ಸ್ಕೀಮ್‌ನಲ್ಲೇ ಆರು ತಿಂಗಳು ಎಕ್ಸ್‌ಕ್ಲೂಸಿವ್ ಕೊಟ್ರೆ ಆ ಆರು ತಿಂಗಳ ಆದಾಯ ಪೂರ್ತಿ ಮಾಡ್ದೋರಿಗೇ ಅಂತ ಇತ್ತು, ಆದ್ರಿಂದ ಹನ್ನೆರಡು ತಿಂಗಳು ಕೇಳೋರ ಹತ್ರ ಆರು ಅನ್ನೋದಕ್ಕೆ ನಾಚ್ಕೊಬೇಡಿ. ಅವಧಿ ರಿಲೀಸ್ ದಿನದಿಂದ ಎಣಿಸ್ಬೇಕು ಅಂತ ಬರ್ಸ್ಕೊಂಡ್ರೂ ಸಾಲ್ದು, ರಿಲೀಸ್ ಅವರ ಕಡೆಯಿಂದ ಮುಂದಕ್ಕೆ ಹೋದ್ರೆ ಕೊನೇ ದಿನ ಯಾವ್ದು ಅಂತ ಒಂದು ತಾರೀಕು ಇರ್ಲಿ. ಸ್ಟೀಮ್ ಪೇಜ್ ತೆಗೀಬೇಕು ಅಂದ್ರೆ ಒಪ್ಬೇಡಿ, ಪೇಜ್, ಡೆಮೋ, ವಿಶ್‌ಲಿಸ್ಟ್ ಮೂರೂ ಇರ್ಲಿ, ಬರೋ ತಾರೀಕು ಮಾತ್ರ ಬದಲಾಯ್ಸಿ. ದುಡ್ಡು ಯಾವ ಹಂತಕ್ಕೆ ಎಷ್ಟು ಅಂತ ಸ್ಪಷ್ಟ ಇರ್ಲಿ, ರಿಲೀಸ್ ಆದ್ಮೇಲೆ ಪೂರ್ತಿ ಕೊಡ್ತೀವಿ ಅನ್ನೋದಾದ್ರೆ ಅದು ಗೇಮ್ ಮುಗ್ಸೋಕೆ ಕೆಲಸಕ್ಕೆ ಬರಲ್ಲ, ಅಲ್ಲಿಗೆ ನಿಮ್ಮ ಒಪ್ಕೊಳ್ಳೋ ಕಾರಣನೇ ಹೋಯ್ತು. ವಕೀಲರಿಗೆ ಒಂದ್ಸಲ ತೋರ್ಸಿ, ವಿದೇಶದಿಂದ ಬರೋ ದುಡ್ಡಾದ್ರೆ ಆಡಿಟರ್‌ಗೂ.

ಡಿಸ್ಕಾರ್ಡ್‌ನಲ್ಲಿ ಹೇಳೋದು ಹೆಂಗೆ ಅಂತ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ. ಸುದ್ದಿ ಬೇರೆ ಕಡೆಯಿಂದ ಅವರಿಗೆ ಗೊತ್ತಾಗ್ಬಾರ್ದು. ಒಪ್ಪಂದದಲ್ಲಿ ಗುಟ್ಟು ಕಾಪಾಡ್ಬೇಕು ಅಂತ ಇದ್ರೆ ಅನೌನ್ಸ್‌ಮೆಂಟ್ ಹೊರಬೀಳೋ ಗಳಿಗೇಲೇ ನಿಮ್ಮದೂ ಹೊರಬೀಳೋಕೆ ಅನುಮತಿ ತಗೊಳ್ಳಿ. ದುಡ್ಡಿಗೋಸ್ಕರ ಒಪ್ಕೊಂಡ್ವಿ, ಈ ದುಡ್ಡಿನಿಂದ ಇಂತಿಂಥ ಕೆಲಸ ಆಗುತ್ತೆ, ಸ್ಟೀಮ್‌ಗೆ ಇಂಥ ತಿಂಗಳು ಬರುತ್ತೆ, ಅಂತ ಮೂರು ಸಾಲು ಸಾಕು. ಪ್ಲೇಯರ್ಸ್ ಒಳ್ಳೇದಕ್ಕೇ ಮಾಡಿದೀವಿ ಅನ್ನೋ ಸಾಲು ಮಾತ್ರ ಬರೀಬೇಡಿ, ಯಾರೂ ನಂಬಲ್ಲ. 2024ರ ಮೇ ತಿಂಗಳಲ್ಲಿ ಸೋನಿಯೋರು ತಮ್ಮ ಹೆಲ್‌ಡೈವರ್ಸ್ 2 ಗೇಮ್ ಆಡ್ತಿದ್ದ ಪಿಸಿಯೋರಿಗೆ ಸೋನಿ ಅಕೌಂಟ್ ಕಡ್ಡಾಯ ಅಂದಾಗ ಕಾರಣ ನಿಮ್ಮ ಸುರಕ್ಷತೆ ಅಂದ್ರು, ಆದ್ರೆ ಆ ಅಕೌಂಟ್ ಮಾಡೋಕೇ ಆಗದ ದೇಶಗಳಲ್ಲೂ ಗೇಮ್ ಮಾರಿದ್ರು. ಸ್ಟೀಮ್‌ನಲ್ಲಿ 2 ಲಕ್ಷಕ್ಕೂ ಜಾಸ್ತಿ ನೆಗೆಟಿವ್ ರಿವ್ಯೂ ಬಿತ್ತು, ಕೆಲವೇ ದಿನಕ್ಕೆ ವಾಪಸ್ ತಗೊಂಡ್ರು. ಸೋನಿ ಆದ್ದರಿಂದ ತಡ್ಕೊಳ್ತು, ಮೂರು ಜನರ ಟೀಮ್‌ಗೆ ಅಂಥದ್ದು ಒಂದು ವಾರ ಬಂದ್ರೆ ಗೇಮ್ ಮಾಡೋ ಆಸೆನೇ ಬತ್ತಿ ಹೋಗುತ್ತೆ.

ಕೊನೇದಾಗಿ ಒಂದು ಸಣ್ಣ ವಿಷ್ಯ. ಮುಂದೆ ಸ್ವಿಚ್‌ಗೋ ಮೊಬೈಲ್‌ಗೋ ತರೋ ಯೋಚನೆ ಇದ್ರೆ, ಒಪ್ಪಂದದಲ್ಲಿ ಎಕ್ಸ್‌ಕ್ಲೂಸಿವ್ ಅನ್ನೋ ಕಡೆಯೆಲ್ಲ ಪಿಸಿಗೆ ಮಾತ್ರ ಅಂತ ಸೇರಿಸಿ ಬರ್ಸಿ. ಲಾರಿ, ಬಸ್ ಗೇಮ್‌ಗಳಿಗೆ ನಮ್ಮ ದೇಶದಲ್ಲಿ ದೊಡ್ಡ ಜನ ಇರೋದು ಆಂಡ್ರಾಯ್ಡ್ ಫೋನ್‌ನಲ್ಲಿ. ಆ ಬಾಗಿಲನ್ನ ಒಂದು ಪಿಸಿ ಸ್ಟೋರ್‌ನ ಕಾಗದದಲ್ಲಿ ತಿಳೀದೆ ಮುಚ್ಕೊಂಡು ಬಿಡ್ಬೇಡಿ.